ನೆಲದ ಅಡಿಯ ನೆಲ: ಮಣ್ಣು ತುಂಬುವುದರಿಂದ ಬೆಡ್ ಕಾಂಕ್ರೀಟಿನವರೆಗೆ

ನಮ್ಮ ಮನೆಯ ನಡುಮನೆಯ ನೆಲವು ಗೃಹಪ್ರವೇಶವಾದ ಮೂರನೆಯ ಮಳೆಗಾಲದಲ್ಲಿ ಗೋಡೆಯ ಬುಡದಿಂದ ಬಿಟ್ಟುಕೊಂಡಿತು. ಮೊದಲು ಸ್ಕರ್ಟಿಂಗ್ ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಗೆರೆ ಕಾಣಿಸಿತು, ದೀಪಾವಳಿಯ ಹೊತ್ತಿಗೆ ಅದರೊಳಗೆ ಒಂದು ರೂಪಾಯಿಯ ನಾಣ್ಯ ಜಾರುವಷ್ಟು ಜಾಗವಾಯಿತು, ಅಷ್ಟರಲ್ಲಿ ಕೋಣೆಯ ನಡುವಿನ ನಾಲ್ಕು ಟೈಲ್ಸ್ ಕಾಲಿಟ್ಟರೆ ಟೊಳ್ಳು ಸದ್ದು ಮಾಡತೊಡಗಿದ್ದವು. ಟೈಲ್ಸ್ ಕೂರಿಸಿದವರ ತಪ್ಪೆಂದು ತಿಳಿದು ಬಿಚ್ಚಿಸಿ ನೋಡಿದಾಗ ಅವರ ಗಾರೆ ಗಟ್ಟಿಯಾಗಿತ್ತು, ಅದರ ಕೆಳಗಿನ ನಾಲ್ಕು ಇಂಚಿನ ಕಾಂಕ್ರೀಟೂ ಗಟ್ಟಿಯಾಗಿತ್ತು, ಆದರೆ ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಎರಡು ಬೆರಳು ಒಳಹೋಗುವಷ್ಟು ಖಾಲಿ ಇತ್ತು. ಪಾಯದೊಳಗೆ ಮೂರು ಅಡಿ ಆಳಕ್ಕೆ ಟಿಪ್ಪರಿನಿಂದ ಒಮ್ಮೆಲೇ ಸುರಿಸಿ, ಮೇಲೆ ಪೈಪಿನಿಂದ ನೀರು ಹಾಯಿಸಿ, ಮಾರನೆಯ ದಿನವೇ ಕಾಂಕ್ರೀಟು ಹಾಕಿಸಿದ್ದ ಮಣ್ಣು ಅದು. ಮೂರು ಮಳೆಗಾಲಗಳಲ್ಲಿ ಅದು ತನ್ನ ಭಾರಕ್ಕೆ ತಾನೇ ಕುಸಿದಿತ್ತು, ಆಧಾರ ತಪ್ಪಿದ ಕಾಂಕ್ರೀಟು ಗೋಡೆಗಳ ಅಂಚಿನ ಮೇಲೆ ಸ್ವಲ್ಪ ಕಾಲ ನಿಂತು, ಕೊನೆಗೆ ನಡುವೆ ಬಿರುಕು ಬಿಟ್ಟಿತ್ತು.

ಆ ನೆಲವನ್ನು ಕಿತ್ತು ಮತ್ತೆ ಹಾಕಿಸಿದಾಗಲೂ, ಆನಂತರ ಬಂಧುಗಳ ಎರಡು ಮನೆಗಳ ಕೆಲಸದಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ನಿಂತಾಗಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆಲಮಹಡಿಯ ನೆಲಹಾಸಿನ ಕೆಳಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ದಿಮ್ಮಸು ಹೊಡೆದು ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಸೋಲಿಂಗ್, ಅಂದರೆ ಒತ್ತಾಗಿ ಕೂರಿಸಿದ ಕಲ್ಲಿನ ಪದರ, ಅದರ ಮೇಲೆ ಮೇಸ್ತ್ರಿಗಳು ಪಿಸಿಸಿ ಎಂದೋ ಬೆಡ್ ಕಾಂಕ್ರೀಟು ಎಂದೋ ಕರೆಯುವ ಒರಟು ಕಾಂಕ್ರೀಟಿನ ಹಾಸು. ಇವುಗಳಲ್ಲಿ ಕಾಂಕ್ರೀಟು ಕೆಟ್ಟಿದ್ದರೆ ಅದನ್ನಷ್ಟೇ ಕಿತ್ತು ಸರಿಪಡಿಸಬಹುದು, ಮಣ್ಣು ಕೆಟ್ಟಿದ್ದರೆ ಮೇಲಿನದನ್ನೆಲ್ಲ ಕೀಳಬೇಕಾಗುತ್ತದೆ. ಆದ್ದರಿಂದ ಗಮನದ ಬಹುಪಾಲು ಮಣ್ಣಿಗೇ ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಈ ಬರಹದಲ್ಲಿಯೂ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಟ್ಟವನ್ನು ಮೇಲಿನಿಂದ ಕೆಳಕ್ಕೆ ಎಣಿಸಬೇಕು

ಕೆಲಸ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಲೆಕ್ಕ ಮಾತ್ರ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಮುಗಿದ ನೆಲದ ಮಟ್ಟ ಎಲ್ಲಿರಬೇಕು ಎಂಬುದನ್ನು ಮೊದಲು ನಿರ್ಧರಿಸದೆ ಮಣ್ಣು ತುಂಬಿಸಿದರೆ, ಕೊನೆಯಲ್ಲಿ ಗಾರೆಗೆ ಜಾಗ ಸಾಲದೆ ಕಾಂಕ್ರೀಟನ್ನು ತೆಳ್ಳಗೆ ಮಾಡುತ್ತಾರೆ, ಇಲ್ಲವೇ ಜಾಗ ಹೆಚ್ಚಾಗಿ ಮೂರು ನಾಲ್ಕು ಇಂಚು ಗಾರೆ ಸುರಿಯುತ್ತಾರೆ. ಇದಕ್ಕಾಗಿ ಯಾವ ನೆಲಹಾಸು ಎಂಬ ತೀರ್ಮಾನ ಆ ಹೊತ್ತಿಗೇ ಆಗಿರಬೇಕು. ವಿಟ್ರಿಫೈಡ್ ಟೈಲ್ಸ್ ಸುಮಾರು 10 ಮಿ.ಮೀ. ದಪ್ಪವಿದ್ದು, ಅದರ ಕೆಳಗೆ 40 ಮಿ.ಮೀ. ಗಾರೆಗೆ ಜಾಗ ಬಿಟ್ಟರೆ ಒಟ್ಟು 50 ಮಿ.ಮೀ., ಅಂದರೆ ಎರಡು ಇಂಚಾಗುತ್ತದೆ. ಗ್ರಾನೈಟ್ ಸುಮಾರು 20 ಮಿ.ಮೀ. ದಪ್ಪವಿರುವುದರಿಂದ ಅದಕ್ಕೆ ಇನ್ನೊಂದು ಸೆಂಟಿಮೀಟರ್ ಹೆಚ್ಚು ಬೇಕು. ಶಹಾಬಾದ್ ಕಲ್ಲಿನಲ್ಲಿ ದಪ್ಪ ಒಂದೇ ಸಮವಾಗಿರುವುದಿಲ್ಲವಾದ್ದರಿಂದ ತಂದ ಕಲ್ಲುಗಳಲ್ಲಿ ಅತ್ಯಂತ ದಪ್ಪನೆಯದನ್ನು ಅಳೆದು ಲೆಕ್ಕ ಹಿಡಿಯುವುದು ಕ್ಷೇಮ.

ಗೋಡೆಗಳ ಮೇಲೆ, ಮುಗಿದ ನೆಲದಿಂದ ಸರಿಯಾಗಿ ಮೂರು ಅಡಿ ಎತ್ತರದಲ್ಲಿ, ಮನೆಯೆಲ್ಲ ಸುತ್ತುವಂತೆ ಒಂದು ಗೆರೆ ಹೊಡೆಸಿ. ಇದಕ್ಕೆ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು, ಒಳಗೆ ಗಾಳಿಗುಳ್ಳೆ ಉಳಿದಿಲ್ಲವೆಂದು ನೋಡಿಕೊಂಡರೆ ಅದು ಸುಳ್ಳು ಹೇಳುವುದಿಲ್ಲ. ಆಮೇಲಿನ ಎಲ್ಲ ಅಳತೆಗಳೂ ಆ ಗೆರೆಯಿಂದ ಕೆಳಕ್ಕೆ. ಎರಡು ಇಂಚು ಟೈಲ್ಸ್ ಮತ್ತು ಗಾರೆ, ನಾಲ್ಕು ಇಂಚು ಕಾಂಕ್ರೀಟು, ಆರು ಇಂಚು ಸೋಲಿಂಗ್ ಎಂದಿಟ್ಟುಕೊಂಡರೆ ಕಾಂಕ್ರೀಟಿನ ಮೇಲ್ಮೈ ಗೆರೆಯಿಂದ ಮೂರು ಅಡಿ ಎರಡು ಇಂಚು ಕೆಳಗೆ, ಸೋಲಿಂಗ್ ಮೇಲ್ಮೈ ಮೂರೂವರೆ ಅಡಿ ಕೆಳಗೆ, ದಿಮ್ಮಸಾದ ಮಣ್ಣು ಸರಿಯಾಗಿ ನಾಲ್ಕು ಅಡಿ ಕೆಳಗೆ ಬರುತ್ತದೆ. ಈ ಅಂಕಿಗಳನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆಯೇ ಬರೆದಿಡಿ. ಗೋಡೆ ಎದ್ದಿಲ್ಲದಿದ್ದರೆ ಪ್ಲಿಂತ್ ಬೀಮಿನ, ಅಂದರೆ ಪಾಯದ ಮೇಲೆ ಗೋಡೆಯ ಕೆಳಗೆ ಬರುವ ಕಾಂಕ್ರೀಟು ತೊಲೆಯ, ಮೇಲ್ಭಾಗವನ್ನೇ ಆಧಾರವಾಗಿ ಹಿಡಿಯಬಹುದು, ಆದರೆ ಬೀಮು ಎಲ್ಲ ಕಡೆ ಒಂದೇ ಮಟ್ಟದಲ್ಲಿದೆಯೆಂದು ನಂಬುವ ಮೊದಲು ಪೈಪಿನಿಂದ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಮಣ್ಣು

ಮೊದಲು ಪಾಯದೊಳಗಿನ ಹಳೆಯ ನೆಲವನ್ನು ಹಸನು ಮಾಡಬೇಕು. ಹುಲ್ಲು, ಬೇರು, ಮರದ ಚೂರು, ಸಿಮೆಂಟಿನ ಕಾಗದದ ಚೀಲ, ಸೆಂಟ್ರಿಂಗ್‌ನಿಂದ ಉಳಿದ ಹಲಗೆಯ ತುಂಡು, ಇವೆಲ್ಲವನ್ನೂ ಹೊರಗೆ ಹಾಕಿಸಿ, ಮೇಲಿನ ಕಪ್ಪು ಗೊಬ್ಬರಮಣ್ಣಿನ ಅರ್ಧ ಅಡಿಯನ್ನು ಕೆರೆದು ತೆಗೆಸಿ. ಕೊಳೆಯುವ ವಸ್ತು ಒಳಗುಳಿದರೆ ಅದು ಕೊಳೆತ ಜಾಗದಲ್ಲಿ ಮಣ್ಣು ಇಳಿಯುತ್ತದೆ, ಮರವೂ ಕಾಗದವೂ ಗೆದ್ದಲಿಗೆ ಅನ್ನವಾಗುತ್ತವೆ. ಕಟ್ಟಡ ಒಡೆದ ಅವಶೇಷವನ್ನು ಪಾಯಕ್ಕೆ ತುಂಬಿಸಿದರೆ ಎರಡು ಕೆಲಸ ಒಮ್ಮೆಗೇ ಆಯಿತೆಂದು ಹೇಳುವವರಿದ್ದಾರೆ, ಆದರೆ ದೊಡ್ಡ ಇಟ್ಟಿಗೆ ಹೆಂಟೆಗಳ ನಡುವೆ ಪೊಳ್ಳು ಉಳಿದು ಮಣ್ಣು ಅದರೊಳಗೆ ನಿಧಾನವಾಗಿ ಜಾರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ತುಂಬಲು ಉತ್ತಮವಾದದ್ದು ಗರಸು, ಅಥವಾ ಗರಸು ಬೆರೆತ ಕೆಂಪುಮಣ್ಣು. ಅದರಲ್ಲಿ ಕಲ್ಲುಹರಳೂ ಮರಳೂ ಸ್ವಲ್ಪ ಅಂಟೂ ಇರುವುದರಿಂದ ಹೊಡೆದಂತೆಲ್ಲ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ಪುಡಿಮಣ್ಣು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಆದರೆ ಕಡಲದಂಡೆಯ ಮರಳನ್ನು ತುಂಬಬಾರದು, ಅದರಲ್ಲಿನ ಉಪ್ಪು ತೇವವನ್ನು ಎಳೆದುಕೊಂಡು ನೆಲದ ಮೇಲೆ ಬಿಳಿಯ ಪುಡಿಯಾಗಿ ಹೊರಬರುತ್ತದೆ. ಕೆರೆಯ ಗೋಡುಮಣ್ಣು ಹೊಲಕ್ಕೆ ಶ್ರೇಷ್ಠ, ಪಾಯಕ್ಕೆ ಬೇಡ.

ಎರೆಮಣ್ಣಿನ, ಅಂದರೆ ಕಪ್ಪು ಜೇಡಿಮಣ್ಣಿನ, ಮಾತೇ ಬೇರೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಮನೆ ಕಟ್ಟುವವರು ಪಾಯ ಅಗೆದಾಗ ಬಂದ ಮಣ್ಣನ್ನೇ ಒಳಗೆ ತುಂಬಿಸಿದರೆ ನೆಲವು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರನ್ನು ತನ್ನ ಪದರಗಳ ನಡುವೆ ಎಳೆದುಕೊಂಡು ಹಿಗ್ಗುವುದೇ ಇದಕ್ಕೆ ಕಾರಣ, ಹೊಲದಲ್ಲಿ ಬೇಸಿಗೆಯ ಬಿರುಕುಗಳನ್ನು ನೋಡಿದವರಿಗೆ ಅದರ ಬಲವನ್ನು ವಿವರಿಸಬೇಕಾಗಿಲ್ಲ. ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಈ ಮಣ್ಣನ್ನು ಆಳವಾಗಿ ಅಭ್ಯಸಿಸಿ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರವೊಂದನ್ನು ಮೇಲೆ ದಿಮ್ಮಸು ಮಾಡಿ ಹಾಸಿದರೆ ಕೆಳಗಿನ ಎರೆಯ ಉಬ್ಬರವು ತಗ್ಗುತ್ತದೆ ಎಂದು ತೋರಿಸಿದರು. ಕಾಲುವೆಗಳ ಕೆಲಸದಲ್ಲಿ ಬಳಕೆಗೆ ಬಂದ ಆ ವಿಧಾನದ ತಿರುಳು ಮನೆಯ ನೆಲಕ್ಕೂ ಹೊಂದುತ್ತದೆ. ಸಾಧ್ಯವಾದಷ್ಟು ಎರೆಯನ್ನು ತೆಗೆಸಿ, ಎರಡು ಮೂರು ಅಡಿಗಾದರೂ ಗರಸನ್ನು ಪದರ ಪದರವಾಗಿ ತುಂಬಿಸಿ, ನೆಲದ ಕಾಂಕ್ರೀಟನ್ನು ಗೋಡೆಗೆ ಅಂಟಿಸದೆ ಸುತ್ತಲೂ ಅರ್ಧ ಇಂಚಿನ ಥರ್ಮೋಕೋಲ್ ಪಟ್ಟಿ ಇಟ್ಟು ಬಿಡಿಸಿಡಿ. ಎರೆಯು ಆಳವಾಗಿದ್ದ ಕಡೆ ಪಾಯದ ವಿಚಾರವನ್ನೇ ಎಂಜಿನಿಯರರೊಂದಿಗೆ ಚರ್ಚಿಸಬೇಕು, ನೆಲಹಾಸಿನ ಎಚ್ಚರ ಒಂದರಿಂದಲೇ ಅಲ್ಲಿ ಕೆಲಸ ಆಗುವುದಿಲ್ಲ.

ಇನ್ನು ತುಂಬುವ ಕ್ರಮ. ಸಡಿಲ ಮಣ್ಣನ್ನು ಒಮ್ಮೆಗೆ ಆರರಿಂದ ಎಂಟು ಇಂಚಿಗಿಂತ ಹೆಚ್ಚು ಹರಡಬಾರದು. ದಿಮ್ಮಸಿನ ಪೆಟ್ಟು ಎಷ್ಟೇ ಬಲವಾಗಿದ್ದರೂ ಅದು ಕೆಳಕ್ಕೆ ಹೋದಂತೆ ಕ್ಷೀಣಿಸುತ್ತದೆಯಾದ್ದರಿಂದ, ಎರಡು ಅಡಿ ಮಣ್ಣು ಸುರಿದು ಮೇಲೆ ಎಷ್ಟು ಹೊಡೆದರೂ ಮೇಲಿನ ಅರ್ಧ ಅಡಿ ಮಾತ್ರ ಗಟ್ಟಿಯಾಗಿ, ಕೆಳಗಿನದು ಸುರಿದಂತೆಯೇ ಉಳಿಯುತ್ತದೆ, ಹೊರನೋಟಕ್ಕೆ ಈ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನನ್ನ ಮನೆಯಲ್ಲಿ ಆದದ್ದು ಇದೇ. ಆದ್ದರಿಂದ ಗೋಡೆಯ ಒಳಮೈಯಲ್ಲಿ ಎಂಟು ಎಂಟು ಇಂಚಿಗೆ ಗೆರೆ ಎಳೆಸಿ, ಒಂದು ಗೆರೆಯವರೆಗೆ ಹರಡಿ, ನೀರು ಚಿಮುಕಿಸಿ, ಹೊಡೆದು, ಅದು ಇಳಿದ ಮೇಲೆಯೇ ಮುಂದಿನ ಪದರಕ್ಕೆ ಮಣ್ಣು ಹಾಕಿಸಬೇಕು.

ನೀರಿನ ಪ್ರಮಾಣವನ್ನು ಕೈಯಿಂದಲೇ ತಿಳಿಯಬಹುದು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಅದು ಉಂಡೆಯಾಗಬೇಕು, ಅಂಗೈಗೆ ನೀರು ಇಳಿಯಬಾರದು, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಉಂಡೆ ನಾಲ್ಕಾರು ಚೂರಾಗಿ ಒಡೆಯಬೇಕು. ಪುಡಿಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಹೆಚ್ಚು. ಒಣಮಣ್ಣಿನ ಕಣಗಳು ಒಂದಕ್ಕೊಂದು ಉಜ್ಜಿ ನಿಲ್ಲುತ್ತವೆ, ಕೆಸರಿನಲ್ಲಿ ಪೆಟ್ಟನ್ನೆಲ್ಲ ನೀರೇ ತಡೆದುಕೊಳ್ಳುತ್ತದೆ, ನಡುವಿನ ಹದದಲ್ಲಿ ಮಾತ್ರ ಕಣಗಳು ಜಾರಿ ಒಳಸೇರುತ್ತವೆ. ಸುಗ್ಗಿಗೆ ಮುಂಚೆ ಒಕ್ಕಣೆಯ ಕಣ ಮಾಡುತ್ತಿದ್ದ ರೈತರಿಗೆ ಈ ಹದ ಚೆನ್ನಾಗಿ ಗೊತ್ತಿತ್ತು. ಅವರು ನೆಲ ಕೆರೆದು, ನೀರು ಚಿಮುಕಿಸಿ, ಅದು ಹೀರುವವರೆಗೆ ಕಾದು, ಎತ್ತುಗಳಿಂದ ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಆಮೇಲೆ ಸಗಣಿ ಸಾರಿಸುತ್ತಿದ್ದರು, ಬಂಡಿಯ ಗಾಲಿ ಹಾದರೂ ಆ ನೆಲ ಬಾಯಿ ಬಿಡುತ್ತಿರಲಿಲ್ಲ.

ಸಣ್ಣ ಕೋಣೆಗೆ ಕೈ ದಿಮ್ಮಸು ನಡೆಯುತ್ತದೆ, ಆದರೆ ಇಡೀ ಮನೆಗೆ ಯಂತ್ರವನ್ನು ದಿನದ ಬಾಡಿಗೆಗೆ ತರಿಸುವುದು ಒಳ್ಳೆಯದು. ಗರಸು, ಮರಳು ಹೆಚ್ಚಿರುವ ಮಣ್ಣಿಗೆ ಅದುರುವ ಪ್ಲೇಟ್ ಕಾಂಪ್ಯಾಕ್ಟರ್ ಹೊಂದುತ್ತದೆ, ಅಂಟು ಹೆಚ್ಚಿರುವ ಮಣ್ಣಿಗೆ ಜಿಗಿದು ಬಡಿಯುವ ರ‍್ಯಾಮರ್ ಬೇಕು. ಗೋಡೆಯ ಬುಡಕ್ಕೂ ಮೂಲೆಗಳಿಗೂ ಯಂತ್ರ ತಲುಪುವುದಿಲ್ಲ, ನೆಲ ಬಿಟ್ಟುಕೊಳ್ಳುವುದು ಬಹುತೇಕ ಅಲ್ಲಿಂದಲೇ, ಆದ್ದರಿಂದ ಆ ಒಂದಡಿ ಅಗಲವನ್ನು ಕೈ ದಿಮ್ಮಸಿನಿಂದಲೇ ಪ್ರತಿ ಪದರದಲ್ಲಿಯೂ ಹೊಡೆಸಬೇಕು. ಒಳಚರಂಡಿಯ ಪೈಪು ಹಾದುಹೋಗುವ ಕಡೆಯೂ ಇದೇ ಎಚ್ಚರ ಬೇಕು, ಪೈಪಿನ ಸುತ್ತ ಮರಳು ತುಂಬಿಸಿ ನೀರು ಬಿಟ್ಟು ಇಳಿಸಿದ ಮೇಲೆ ಮಣ್ಣು ಮುಚ್ಚಿಸಿ.

ಮಣ್ಣು ತರಿಸುವಾಗ ಲೆಕ್ಕ ಕಡಿಮೆ ಬೀಳುವುದು ಸಾಮಾನ್ಯ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಎರಡು ಅಡಿ ತುಂಬಬೇಕಾದರೆ ದಿಮ್ಮಸಾದ ಅಳತೆ 240 ಘನ ಅಡಿ. ಸಡಿಲ ಮಣ್ಣು ಹೊಡೆತಕ್ಕೆ ಕಾಲುಭಾಗದಷ್ಟು ಇಳಿಯುತ್ತದೆಂದು ಹಿಡಿದರೆ ಸುಮಾರು 320 ಘನ ಅಡಿ ತರಿಸಬೇಕಾಗುತ್ತದೆ. ತಂದ ಮಣ್ಣು ಇಳಿಯದೆ ಅಷ್ಟಕ್ಕಷ್ಟೇ ಸರಿಹೋಯಿತೆಂದರೆ ಸಂತೋಷಪಡಬೇಡಿ, ಅದು ಗಟ್ಟಿಯಾಗಿಲ್ಲವೆಂದೇ ಅರ್ಥ.

ಪರೀಕ್ಷೆಗೆ ನಾನು 12 ಮಿ.ಮೀ. ಕಬ್ಬಿಣದ ಸರಳೊಂದನ್ನು ಬಳಸುತ್ತೇನೆ. ಪದರ ಮುಗಿದ ಮೇಲೆ ಹತ್ತು ಹನ್ನೆರಡು ಕಡೆ ಎರಡೂ ಕೈಗಳಿಂದ ಒತ್ತಿ ಚುಚ್ಚಿದರೆ, ಸರಳು ಬೆರಳಿನ ಉದ್ದಕ್ಕಿಂತ ಆಳಕ್ಕೆ ಸಲೀಸಾಗಿ ಇಳಿಯುವ ಜಾಗವನ್ನು ಮತ್ತೆ ಹೊಡೆಸಬೇಕು. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮವಲ್ಲ, ಆದರೆ ಹೊಡೆದ ಜಾಗವನ್ನೂ ಹೊಡೆಯದೆ ಬಿಟ್ಟ ಜಾಗವನ್ನೂ ಇದು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುತ್ತದೆ.

ಹಿಂದಿನವರು ಪಾಯ ತುಂಬಿಸಿ ಒಂದು ಮಳೆಗಾಲ ಬಿಡುತ್ತಿದ್ದರು. ಈಗ ಅಷ್ಟು ಕಾಯುವ ಸ್ಥಿತಿ ಯಾರಿಗೂ ಇಲ್ಲವಾದರೂ ಅದರ ಲಾಭವನ್ನು ಬೇರೆ ರೀತಿಯಲ್ಲಿ ಪಡೆಯಬಹುದು. ಪ್ಲಿಂತ್ ಬೀಮು ಮುಗಿದ ಕೂಡಲೇ ಮಣ್ಣು ತುಂಬಿಸಿ ದಿಮ್ಮಸು ಮಾಡಿಸಿ, ಕಾಂಕ್ರೀಟನ್ನು ಮಾತ್ರ ಗೋಡೆ ಎದ್ದು ತಾರಸಿಯ ಕೆಲಸ ಮುಗಿದ ಮೇಲೆ ಹಾಕಿಸಿದರೆ ನಡುವೆ ಮೂರು ನಾಲ್ಕು ತಿಂಗಳು ಸಿಗುತ್ತವೆ. ಆ ಅವಧಿಯಲ್ಲಿ ಗೋಡೆ ಗಟ್ಟಿಯಾಗಲು ಒದ್ದೆಯಾಗಿಡುವ ಕ್ಯೂರಿಂಗ್‌ನ ನೀರು, ಬಿದ್ದ ಮಳೆ, ಕೆಲಸಗಾರರ ಓಡಾಟ ಎಲ್ಲವೂ ಮಣ್ಣನ್ನು ಇಳಿಸುತ್ತವೆ, ಇಳಿದ ಕಡೆ ಮತ್ತೆ ಮಣ್ಣು ಹಾಕಿ ಹೊಡೆಸಬಹುದು. ತುಂಬಿದ ಮಣ್ಣಿನ ಮೇಲೆ ಕಾಂಕ್ರೀಟು ಹಾಸಿ ಅದರ ಮೇಲೆ ನಾಲ್ಕು ಇಂಚಿನ ಅಡ್ಡಗೋಡೆ ಎಬ್ಬಿಸುವ ಪದ್ಧತಿಯೂ ಇದೆ. ನೆಲದ ಹಾಸು ಗೋಡೆ ಹೊರಲು ಮಾಡಿದ್ದಲ್ಲ, ಅಂಥ ಗೋಡೆಯ ಕೆಳಗೆ ಪ್ರತ್ಯೇಕ ಬೀಮೋ ಪಾಯವೋ ಇರಲೇಬೇಕು.

ಗೆದ್ದಲು ಮತ್ತು ತೇವ

ಗೆದ್ದಲಿನ ಔಷಧಿಗೆ ಸರಿಯಾದ ಹೊತ್ತು ಮಣ್ಣಿನ ಕೆಲಸ ಮುಗಿದು ಸೋಲಿಂಗ್ ಇನ್ನೂ ಆರಂಭವಾಗದ ದಿನ. ಇದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವಿದೆ, ಅದರ ಪ್ರಕಾರ ತುಂಬಿದ ಮಣ್ಣಿನ ಮೇಲ್ಮೈಗೆ ಚದರ ಮೀಟರಿಗೆ 5 ಲೀಟರಿನಂತೆ ನೀರಿನಲ್ಲಿ ಬೆರೆಸಿದ ಔಷಧಿ ಹಾಕಬೇಕು. ಹತ್ತಕ್ಕೆ ಹನ್ನೆರಡರ ಕೋಣೆ ಸುಮಾರು 11 ಚದರ ಮೀಟರ್ ಆಗುವುದರಿಂದ 55 ಲೀಟರಿಗಿಂತ ಕಡಿಮೆ ಹಾಕಿ ಮುಗಿಸಿದವರು ಕೆಲಸ ಮುಗಿಸಿಲ್ಲ. ಮಣ್ಣು ಗಟ್ಟಿಯಾಗಿರುವುದರಿಂದ ಔಷಧಿ ಮೇಲೆಯೇ ಹರಿದುಹೋಗದಂತೆ ಹಾರೆಯಿಂದ 15 ಸೆಂ.ಮೀ. ಅಂತರದಲ್ಲಿ 5ರಿಂದ 7.5 ಸೆಂ.ಮೀ. ಆಳದ ಕುಳಿಗಳನ್ನು ಮಾಡಿಸಿ, ಅವುಗಳ ಮೂಲಕ ಇಂಗಿಸಬೇಕು. ಬೆರೆಸುವ ಪ್ರಮಾಣಕ್ಕೆ ಡಬ್ಬಿಯ ಮೇಲಿನ ಚೀಟಿಯನ್ನೇ ಅನುಸರಿಸಿ, ಕೈಗವಸು ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಬಿಡಬೇಡಿ, ಬಾವಿ ಹತ್ತಿರವಿದ್ದರೆ ಔಷಧಿ ಹಾಕುವವರಿಗೆ ಅದನ್ನು ಮೊದಲೇ ತಿಳಿಸಿ. ಔಷಧಿ ಬಿದ್ದ ಮೇಲೆ ಮಣ್ಣನ್ನು ಮತ್ತೆ ಕೆದಕಿದರೆ ಹಾಕಿದ್ದು ವ್ಯರ್ಥ.

ಸೋಲಿಂಗ್ ಎಂದರೆ ಕಲ್ಲನ್ನು ಸುರಿಯುವುದಲ್ಲ, ಕೂರಿಸುವುದು. ಆರು ಇಂಚಿನ ಕಲ್ಲುಗಳನ್ನು ಅಗಲವಾದ ಮುಖ ಕೆಳಗಾಗಿ, ಒಂದಕ್ಕೊಂದು ತಾಗಿಸಿ ಕೈಯಿಂದ ನಿಲ್ಲಿಸಿ, ಸಂದುಗಳಿಗೆ ಚಕ್ಕೆಗಳನ್ನು ಸುತ್ತಿಗೆಯಿಂದ ಬಡಿದು ಸೇರಿಸಿ, ಮೇಲೆ ಗರಸನ್ನೋ ಒರಟು ಮರಳನ್ನೋ ಹರಡಿ ನೀರು ಹಾಯಿಸಿ ಮತ್ತೊಮ್ಮೆ ದಿಮ್ಮಸು ಮಾಡಿಸಬೇಕು. ಇದರ ಕೆಲಸ ಭಾರವನ್ನು ಹರಡುವುದು ಮಾತ್ರವಲ್ಲ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ತೇವವು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೇರುತ್ತದೆ, ಕಲ್ಲುಗಳ ನಡುವಿನ ದೊಡ್ಡ ಸಂದುಗಳಲ್ಲಿ ಆ ಏರಿಕೆ ಕಡಿಯುತ್ತದೆ. ಕಲ್ಲು ದುಬಾರಿಯಾದ ಊರುಗಳಲ್ಲಿ 40 ಮಿ.ಮೀ. ಜಲ್ಲಿಯನ್ನು ನಾಲ್ಕೈದು ಇಂಚು ಹಾಸಿ ಹೊಡೆಸುವುದನ್ನೂ ನೋಡಿದ್ದೇನೆ, ಚೆನ್ನಾಗಿ ಹೊಡೆದರೆ ಅದೂ ನಡೆಯುತ್ತದೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಕೆರೆಯ ಕೆಳಗಿನ ಬಡಾವಣೆಗಳಲ್ಲಿ ಇಷ್ಟು ಸಾಲದು. ಅಲ್ಲಿ ಸೋಲಿಂಗ್ ಮೇಲೆ ಒಂದು ಇಂಚು ಮರಳು ಹಾಸಿ, ಅದರ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆಯನ್ನು ಹರಡಬೇಕು, ಅಂಗಡಿಯಲ್ಲಿ ಇದನ್ನು 1000 ಗೇಜ್ ಎಂದು ಕೇಳಿದರೆ ಕೊಡುತ್ತಾರೆ. ಹಾಳೆಗಳು ಒಂದರ ಮೇಲೊಂದು ಕನಿಷ್ಠ ಆರು ಇಂಚು ಬರಬೇಕು, ಗೋಡೆಯ ಬಳಿ ಕಾಂಕ್ರೀಟಿನ ದಪ್ಪಕ್ಕಿಂತ ಮೇಲಕ್ಕೆ ಮಡಿಸಿರಬೇಕು. ಬಾಂಡ್ಲಿ ಹೊತ್ತು ಓಡಾಡುವವರ ಕಾಲಿಗೆ ಅದು ಹರಿಯದಂತೆ ಹಲಗೆ ಹಾಕಿಸಿ ದಾರಿ ಮಾಡಿಕೊಡುವುದನ್ನು ಮರೆಯಬಾರದು.

ಬೆಡ್ ಕಾಂಕ್ರೀಟು

ಮನೆಯ ಒಳನೆಲಕ್ಕೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು, ಎಂಟು ಪಾಲು 40 ಮಿ.ಮೀ. ಜಲ್ಲಿಯ ಮಿಶ್ರಣ ರೂಢಿಯಲ್ಲಿದೆ. ನನ್ನ ಆಯ್ಕೆ ಒಂದು, ಮೂರು, ಆರರ ಮಿಶ್ರಣ, ಅದಕ್ಕೆ 20 ಮಿ.ಮೀ. ಜಲ್ಲಿಯನ್ನೂ ಸ್ವಲ್ಪ ಬೆರೆಸಿದರೆ ಸಂದು ಚೆನ್ನಾಗಿ ತುಂಬುತ್ತದೆ. ಹತ್ತಕ್ಕೆ ಹನ್ನೆರಡರ ಕೋಣೆಗೆ ನಾಲ್ಕು ಇಂಚು ದಪ್ಪ ಹಾಕಿದರೆ 40 ಘನ ಅಡಿ ಕಾಂಕ್ರೀಟು ಆಗುತ್ತದೆ. 1:4:8ರಲ್ಲಿ ಅದಕ್ಕೆ ಸುಮಾರು ನಾಲ್ಕು ಚೀಲ ಸಿಮೆಂಟು, 19 ಘನ ಅಡಿ ಮರಳು, 38 ಘನ ಅಡಿ ಜಲ್ಲಿ ಬೇಕಾದರೆ, 1:3:6ರಲ್ಲಿ ಸಿಮೆಂಟು ಐದು ಚೀಲವಾಗುತ್ತದೆ, ಮರಳೂ ಜಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಕೋಣೆಗೆ ಒಂದು ಚೀಲದ ವ್ಯತ್ಯಾಸಕ್ಕಾಗಿ ದುರ್ಬಲವಾದದ್ದನ್ನು ಆರಿಸಬೇಕಾಗಿಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ಮಾತ್ರ 1:2:4, ಆರು ಇಂಚು ದಪ್ಪ, ಒಳಗೆ ಕಬ್ಬಿಣದ ಜಾಲರಿ ಇರಲಿ. ಎಂ ಸ್ಯಾಂಡ್ ತರಿಸಿದ್ದರೆ ಅದು ಕಾಂಕ್ರೀಟಿನದೋ ಪ್ಲಾಸ್ಟರಿಂಗ್‌ನದೋ ಎಂದು ಕೇಳಿ ತಿಳಿಯಿರಿ, ಕ್ರಷರ್ ಧೂಳನ್ನು ಮರಳೆಂದು ಒಪ್ಪಬೇಡಿ.

ಹಾಕುವ ಮುನ್ನ ಸೋಲಿಂಗ್ ಕಲ್ಲನ್ನು ಚೆನ್ನಾಗಿ ನೆನೆಸಬೇಕು, ಒಣಕಲ್ಲು ಕಾಂಕ್ರೀಟಿನ ನೀರನ್ನು ಹೀರಿ ಅದರ ಬುಡವನ್ನು ಪುಡಿಯಾಗಿಸುತ್ತದೆ. ಪಾಲಿಥಿನ್ ಹಾಸಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಗೋಡೆಯ ಮೇಲಿನ ಗೆರೆಯಿಂದ ಅಳೆದು ಐದಾರು ಅಡಿಗೊಂದರಂತೆ ಕಾಂಕ್ರೀಟಿನ ಸಣ್ಣ ಗುಬ್ಬಿಗಳನ್ನು ಮಟ್ಟಕ್ಕೆ ಸರಿಯಾಗಿ ನಿಲ್ಲಿಸಿದರೆ, ಮಟ್ಟದ ಪಟ್ಟಿಯನ್ನು ಅವುಗಳ ಮೇಲೆ ಎಳೆದು ಸಮ ಮಾಡಬಹುದು, ಮೇಸ್ತ್ರಿಗಳು ಇವನ್ನು ಬುಲ್ ಮಾರ್ಕ್ ಎನ್ನುತ್ತಾರೆ. ನೀರು ಬೆರೆಸಿದ ಕಾಂಕ್ರೀಟನ್ನು ಅರ್ಧ ಗಂಟೆಯೊಳಗೆ ಹಾಸಿ ಮುಗಿಸಬೇಕು, ಬಿಗಿದದ್ದಕ್ಕೆ ಮತ್ತೆ ನೀರು ಸುರಿದು ಕಲಸುವುದನ್ನು ಕಂಡರೆ ಅಲ್ಲೇ ತಡೆಯಿರಿ. ಹಾಸಿದ ಮೇಲೆ ಮರದ ಹಲಗೆಯಿಂದ ಬಡಿದು ಬಿಗಿ ಮಾಡಬೇಕು, ಸಿಮೆಂಟಿನ ಹಾಲು ಮೇಲೆ ಕಾಣಿಸುವಷ್ಟು ಬಡಿದರೆ ಸಾಕು. ಮೇಲ್ಮೈಯನ್ನು ನುಣುಪು ಮಾಡಿಸಬಾರದು. ಒರಟಾಗಿರುವುದೇ ಈ ಪದರದ ಗುಣ, ಮೇಲೆ ಬರುವ ಗಾರೆ ಆ ಒರಟನ್ನೇ ಕಚ್ಚಿಕೊಂಡು ನಿಲ್ಲುತ್ತದೆ, ಆದ್ದರಿಂದ ಗಟ್ಟಿಯಾಗುವ ಮುನ್ನ ಕಡ್ಡಿಪೊರಕೆಯಿಂದ ಒಮ್ಮೆ ಗೀರಿಸಿ.

ನಡುಮನೆ ದೊಡ್ಡದಿದ್ದರೆ ಒಂದೇ ಹಾಸಾಗಿ ಹಾಕುವ ಬದಲು ಎಂಟು ಹತ್ತು ಅಡಿಯ ಚೌಕಗಳಾಗಿ ವಿಂಗಡಿಸಿ, ಒಂದು ಬಿಟ್ಟು ಒಂದನ್ನು ಹಾಕಿಸಿ, ಉಳಿದವನ್ನು ಮಾರನೆಯ ದಿನ ತುಂಬಿಸಬೇಕು. ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ, ನಾವು ಗೆರೆ ಕೊಡದಿದ್ದರೆ ಅದು ತನಗೆ ಬೇಕಾದ ಕಡೆ ಗೆರೆ ಮಾಡಿಕೊಳ್ಳುತ್ತದೆ. ರೆಡ್ ಆಕ್ಸೈಡ್ ನೆಲ ಮಾಡಿಸುವವರಿಗೆ ಇದು ಇನ್ನೂ ಮುಖ್ಯ. ಟೈಲ್ಸ್ ಅಡಿಯ ಸಣ್ಣ ಬಿರುಕನ್ನು ಮರೆಮಾಡುತ್ತದೆ, ಆದರೆ ಕೆಂಪು ನೆಲವು ಅಡಿಯ ಹಾಸಿನ ಮೇಲೆ ಸಿಮೆಂಟಿನಿಂದಲೇ ಉಜ್ಜಿ ಮಾಡಿದ ತೆಳುಪದರವಾದ್ದರಿಂದ ಅಡಿಯ ಪ್ರತಿಯೊಂದು ಬಿರುಕೂ ವರ್ಷ ತುಂಬುವುದರೊಳಗೆ ಮೇಲೆ ಬರುತ್ತದೆ. ಹಳೆಯ ಮನೆಗಳ ಕೆಂಪು ನೆಲಗಳು ಇಂದಿಗೂ ಕನ್ನಡಿಯಂತಿವೆಯೆಂದು ಮೆಚ್ಚುವವರು ಅವುಗಳನ್ನು ನಾಲ್ಕೈದು ಅಡಿಯ ಚೌಕಗಳಾಗಿ ಗೆರೆ ಹಾಕಿ ಬಿಡಿಸಿದ್ದನ್ನೂ ಗಮನಿಸಬೇಕು. ಆ ಗೆರೆಗಳು ಅಂದಕ್ಕಷ್ಟೇ ಇದ್ದವಲ್ಲ, ಅಡಿಯ ಹಾಸಿನ ಸಂದುಗಳೂ ಅದೇ ಗೆರೆಗಳ ಕೆಳಗೆ ಬರುವಂತೆ ಮೊದಲೇ ಯೋಚಿಸಿ ಹಾಕಿಸಿದರೆ ನೆಲ ಬಾಳುತ್ತದೆ.

ಮಾರನೆಯ ದಿನದಿಂದ ಕನಿಷ್ಠ ಏಳು ದಿನ ನೀರು ನಿಲ್ಲಿಸಿ ಅಥವಾ ಒದ್ದೆ ಗೋಣಿ ಹಾಸಿ ಕ್ಯೂರಿಂಗ್ ಮಾಡಬೇಕು. ಮೇಲೆ ಟೈಲ್ಸ್ ಬರುತ್ತದಲ್ಲ ಎಂದು ಈ ಪದರದ ಕ್ಯೂರಿಂಗನ್ನು ಬಿಟ್ಟುಬಿಡುವುದು ಎಲ್ಲ ಕಡೆ ಕಾಣುವ ತಪ್ಪು.

ಮೇಲಿನ ಮಹಡಿಯಲ್ಲಿ

ಮಹಡಿಯಲ್ಲಿ ಆರ್‌ಸಿಸಿ ತಾರಸಿಯೇ ಅಡಿಪದರವಾದ್ದರಿಂದ ಕುಸಿಯುವ ಭಯವಿಲ್ಲ, ಬಿಟ್ಟುಕೊಳ್ಳುವ ಭಯವಿದೆ. ಪ್ಲಾಸ್ಟರಿಂಗ್ ಮಾಡುವಾಗ ಬಿದ್ದು ಅಂಟಿದ ಗಾರೆಯನ್ನೆಲ್ಲ ಕೆರೆದು, ನುಣುಪಾದ ಕಡೆ ಉಳಿಯಿಂದ ಕಚ್ಚು ಹೊಡೆಸಿ, ಗುಡಿಸಿ, ತೊಳೆದು, ಹಿಂದಿನ ರಾತ್ರಿ ನೆನೆಸಿ, ಸಿಮೆಂಟು ಹಾಲನ್ನು ಪೊರಕೆಯಿಂದ ಬಳಿದು ಅದು ಒಣಗುವ ಮುನ್ನವೇ ಗಾರೆ ಹಾಕಬೇಕು. ತಾರಸಿಯ ಏರುತಗ್ಗನ್ನು ದಪ್ಪ ಗಾರೆಯಿಂದ ಮುಚ್ಚಲು ಮೇಸ್ತ್ರಿ ಹೊರಟರೆ ಈ ಲೆಕ್ಕ ಹೇಳಿ: ಒಂದು ಇಂಚು ಗಾರೆ ಚದರ ಮೀಟರಿಗೆ ಸುಮಾರು 50 ಕಿಲೋ ತೂಗುತ್ತದೆ, ಅಂದರೆ ಹತ್ತಕ್ಕೆ ಹನ್ನೆರಡರ ಕೋಣೆಯ ಮೇಲೆ ಪ್ರತಿ ಹೆಚ್ಚುವರಿ ಇಂಚಿಗೆ ಅರ್ಧ ಟನ್ನಿಗಿಂತ ಹೆಚ್ಚು ಭಾರ ಬೀಳುತ್ತದೆ. ಬಚ್ಚಲುಮನೆಯ ತಗ್ಗಿಸಿದ ತಾರಸಿಗೆ ಜಲನಿರೋಧಕ ಪದರ ಹಾಕಿ, 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿಯಲ್ಲಿ ಒದ್ದೆ ಕಾಣಲಿಲ್ಲವೆಂದು ಖಚಿತವಾದ ಮೇಲೆಯೇ ಒಳಗೆ ತುಂಬುವ ಕೆಲಸಕ್ಕೆ ಒಪ್ಪಿಗೆ ಕೊಡಿ.

ಟೈಲ್ಸ್‌ನವರನ್ನು ಕರೆಯುವ ಮುನ್ನ

ಕ್ಯೂರಿಂಗ್ ನಿಲ್ಲಿಸಿದ ಮೇಲೆ ಒಂದೆರಡು ವಾರ ಹಾಸನ್ನು ಬಯಲಿಗೆ ಬಿಡುವುದು ಒಳ್ಳೆಯದು. ನಂತರ ಸುತ್ತಿಗೆಯ ಹಿಡಿಯಿಂದ ಗೋಡೆಯ ಬುಡ, ಮೂಲೆ, ಪೈಪು ಹಾದ ಜಾಗಗಳನ್ನು ತಟ್ಟಿ ನೋಡಿ. ಸದ್ದು ಗಟ್ಟಿಯಿಂದ ಟೊಳ್ಳಿಗೆ ಬದಲಾಗುವ ಗಡಿಯನ್ನು ಸೀಮೆಸುಣ್ಣದಿಂದ ಗುರುತಿಸಿ, ಅಷ್ಟು ಭಾಗವನ್ನು ಒಡೆಸಿ, ಕೆಳಗಿನ ಮಣ್ಣನ್ನು ಹೊಡೆಸಿ ಮತ್ತೆ ಹಾಕಿಸಬೇಕು, ಈ ಹಂತದಲ್ಲಿ ಅದು ಅರ್ಧ ದಿನದ ಕೆಲಸ. ಆರು ಅಡಿಯ ನೇರ ಪಟ್ಟಿಯನ್ನು ಎಲ್ಲ ದಿಕ್ಕಿಗೂ ಇಟ್ಟು ನೋಡಿದಾಗ ಕೆಳಗೆ ಅರ್ಧ ಇಂಚಿಗಿಂತ ಹೆಚ್ಚು ಬೆಳಕು ಕಾಣುವ ತಗ್ಗುಗಳಿದ್ದರೆ ಮೊದಲೇ ತುಂಬಿಸಿಕೊಳ್ಳಿ. ಟೈಲ್ಸ್ ಅನ್ನು ಗಾರೆಯ ಬದಲು ಅಂಟಿನಿಂದ ಕೂರಿಸುವುದಾದರೆ ಅಷ್ಟು ಏರುಪೇರನ್ನು ಅಂಟು ತಡೆಯುವುದಿಲ್ಲ, ಮೇಲೆ ಪ್ರತ್ಯೇಕವಾಗಿ ಸಮ ಮಾಡಿದ ಗಾರೆಯ ಪದರವೊಂದು ಬೇಕು. ಮರದ ನೆಲಹಾಸು ಬರುವುದಾದರೆ ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಕಾಂಕ್ರೀಟಿಗೆ ಅಂಟಿಸಿ ಒಂದು ದಿನ ಬಿಡಿ, ಅಡಿಯಲ್ಲಿ ಹನಿಗಟ್ಟಿದರೆ ಅಥವಾ ಕಾಂಕ್ರೀಟಿನ ಬಣ್ಣ ಗಾಢವಾದರೆ ಇನ್ನೂ ಕಾಯಬೇಕು.

ಕೊನೆಯದಾಗಿ, ವಿದ್ಯುತ್ ಮತ್ತು ನೀರಿನ ಪೈಪುಗಳು ಎಲ್ಲಿ ಹಾದಿವೆಯೆಂಬುದು ಕಣ್ಣಿಗೆ ಕಾಣುವುದು ಗಾರೆ ಬೀಳುವವರೆಗೆ ಮಾತ್ರ. ಪ್ರತಿ ಕೋಣೆಯಲ್ಲಿಯೂ ಎರಡು ಗೋಡೆಗಳಿಂದ ಪೈಪಿಗೆ ಇರುವ ದೂರವನ್ನು ಟೇಪು ಹಿಡಿದು ಅಳೆದು, ಟೇಪು ಕಾಣುವಂತೆಯೇ ಫೋಟೋ ತೆಗೆದು, ಕೋಣೆಯ ಹೆಸರನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ಅದೂ ಫೋಟೋದಲ್ಲಿ ಬರುವಂತೆ ಮಾಡಿ, ಮನೆಯ ನಕ್ಷೆಯ ಜೊತೆಯಲ್ಲಿ ಇಟ್ಟುಕೊಳ್ಳಿ.